ಹೊಲಾ ತೋರಿಸಿದಾಕಿ

ಕಬ್ಬೂರ ಬೀರದೇವನ ಮಗಳು ಅನುಸೂಯಾ ಚಿತ್ರಕಲಾ ಕಾಲೇಜಿಗೆ ಹೊಂಟಾಗ ಊರಾಗ ಹರಸಿದವರಕಿಂತ ನಕ್ಕವರ ಹೆಚ್ಚು. "ಕುರಿ ಕಾಯಾವನ ಮಗಳು ಬಣ್ಣಾ ಹಚ್ಚೂದು ಕಲ್ಯಾಕ ಬೆಳಗಾವಿಗೆ ಹೊಂಟಾಳಂತ, ಏನ ಕಾಲ ಬಂತೋ ಮಾರಾಯಾ!" ಅಂತ ಹಿಟ್ಟಿನ ಗಿರಣಿ ಕಟ್ಟಿ ಮ್ಯಾಲ ಕುಂತವರು ಆಡಿಕೊಂಡ್ರು. ಅಕಿ ಅವ್ವ ತಾರವ್ವ ಕೇಳಿ ಸುಮ್ಮನ ಬರೂ ಹೆಂಗಸೇನು? "ನಿಮ್ಮ ಮಕ್ಕಳು ಕಾಲೇಜಿಗೆ ಹೋಗಿ ಏನ ಕಡದ ಕಟ್ಟಿ ಹಾಕ್ಯಾವ? ಮೊಬೈಲ್ ತಿಕ್ಕೊಂತ ಕುಂತಾವ. ನನ್ನ ಮಗಳು ಬಣ್ಣಾರ ಹಚ್ಚತಾಳ" ಅಂದು, ಹಿಟ್ಟಿನ ಡಬ್ಬಿ ತೆಲಿ ಮ್ಯಾಲ ಇಟ್ಟಕೊಂಡು ಮನಿಗೆ ಬಂದ್ಲು.

ಕಾಲೇಜಿನಾಗ ಎಲ್ಲಾರೂ ಬಿಳೇ ಕ್ಯಾನ್ವಾಸ್ ಮ್ಯಾಲ ಬರೀತಿದ್ರು. ಅನುಸೂಯಾ ಒಂದ ಸಲ ಮನಿಯಿಂದ ಅಪ್ಪನ ಹರಕ ಕಂಬಳಿ ಹೊತಗೊಂಡು ಹೋಗಿ, ಅದರ ಮ್ಯಾಲ ಸುಣ್ಣ, ಕೆಮ್ಮಣ್ಣು ಹಚ್ಚಿ ಬರದ್ಲು. ಕಿಡಿ ಸಿಡದು ಬಿದ್ದ ತೂತು, ಅವ್ವ ಹಚ್ಚಿದ ತ್ಯಾಪಿ, ಯಾವುದನ್ನೂ ಮುಚ್ಚಲಿಲ್ಲ. ತೂತಿನ ಸುತ್ತ ಒಲಿ ಬರದ್ಲು, ಒಲಿ ಮುಂದ ರೊಟ್ಟಿ ಬಡಿಯೂ ತಾರವ್ವನ್ನ ಬರದ್ಲು. ತ್ಯಾಪಿ ಇದ್ದಲ್ಲೆ ಆಗಷ್ಟ ಈದ ಕುರಿ, ಅದರ ಮರಿ ನೆಕ್ಕೂ ನಾಲಿಗಿ. ನೋಡಿದವರಿಗೆ ಕಂಬಳಿ ಯಾವುದು, ಚಿತ್ರ ಯಾವುದು ಅಂತ ಬ್ಯಾರೆ ಮಾಡಾಕ ಆಗತಿರಲಿಲ್ಲ. ಬೈಗಳಕ್ಕ ಹೆಸರಾದ ಮಾಸ್ತರೊಬ್ಬರು ಸುಮ್ಮನ ನಿಂತು ನೋಡಿ, "ಇದನ್ನ ಬಿಡಬ್ಯಾಡ ತಂಗಿ" ಅಂದು ಹೋದ್ರು. ಅಂದಿನಿಂದ ಅಕಿ ಕೈಗೆ ಹರಕ ಕಂಬಳಿ ಬಿಟ್ಟರ ಬ್ಯಾರೆ ಏನೂ ಹತ್ತಲಿಲ್ಲ.

ಜೋಡಿಗೆ ದೀಪಾಲಿ ಇದ್ಲು. ಉಗಾರ ಬುದ್ರುಕದ ರಾವಸಾಹೇಬರ ಮಗಳು. ಹೊಳಿ ದಂಡಿಗೆ ಕಬ್ಬು, ಅಥಣಿ ಕಡೆ ದ್ರಾಕ್ಷಿ ತೋಟ, ಮನಿ ಮುಂದ ಜೀಪು. ಆದ್ರೂ ಸೊಕ್ಕಿಲ್ಲ ಅಂತ ಎಲ್ಲಾರೂ ಅಂತಿದ್ರು, ಅನುಸೂಯಾನೂ ಅಂತಿದ್ಲು. ಹಾಸ್ಟೆಲಿನಾಗ ಜ್ವರಾ ಬಂದು ಮಲಗಿದಾಗ ಗಂಜಿ ಕಾಸಿ ಕುಡಿಸಿದಾಕಿ ದೀಪಾಲಿ. ಮರಾಠಿ, ಹಿಂದಿ, ಇಂಗ್ಲಿಷ್ ಅಕಿ ಬಾಯಾಗ ಅರಳು ಹುರದಂಗ. ಅನುಸೂಯಾ ಅಂದ್ರ ಕನ್ನಡದಾಗೂ ನಾಕ ಮಾತಿಗೆ ಒಂದು ಆಡೂವಾಕಿ. "ನೀ ಬರಿ, ನಾ ಮಾತಾಡತೇನಿ. ಇಬ್ಬರೂ ಕೂಡಿ ದೊಡ್ಡವರ ಆಗೂಣು" ಅಂತಿದ್ಲು ದೀಪಾಲಿ. ಬಾಯಿ ಇದ್ದವ ಬರಗಾಲದಾಗೂ ಬದುಕ್ಯಾನಂತ. ಅನುಸೂಯಾ ತನಗೂ ಒಂದು ಬಾಯಿ ಸಿಕ್ಕಿತು ಅಂತ ತಿಳದ್ಲು, ಹುಚ್ಚಿ.

ಬರೇ ಗಂಜಿ ಅಷ್ಟ ಅಲ್ಲ. ಒಂದು ಬ್ಯಾಸಗಿಗೆ ಬೀರದೇವಗ ಕುರಿ ಹೊಡ್ಯಾಕ ಹೊಲಾ ಸಿಗಲಿಲ್ಲ. ಕಬ್ಬು ಕಡದು ಬರಿದಾದ ಹೊಲದಾಗ ಕುರಿ ಕೂಡ್ರಸಿದ್ರ ಹೊಲಕ್ಕ ಗೊಬ್ಬರಾ ಆಕ್ಕೈತಿ, ಕುರಿಗೆ ಮೇವು ಸಿಗತೈತಿ. ಕುರಿಗಾರರ ಬದುಕು ನಡಿಯೂದ ಹಂಗ. ಆದ್ರ ಹೊಲಾ ಹಿಡಿಯೂದು ಸುಲಭ ಅಲ್ಲ, ಹೊಲದವರ ಪರಿಚಯ ಬೇಕು. ಸಂಗತಿ ಕಿವೀಗೆ ಬಿದ್ದದ್ದ ತಡ, ದೀಪಾಲಿ ಅಪ್ಪಗ ಫೋನ್ ಹಚ್ಚಿ, "ಬಾಬಾ, ನನ್ನ ಗೆಳತಿ ಮನಿಯವರು" ಅಂದ್ಲು. ರಾವಸಾಹೇಬರು ಹೊಳಿ ದಂಡಿ ಹೊಲಾನ ಬಿಟ್ಟಕೊಟ್ಟರು. ನೀರು ಮಗ್ಗಲಾಗ, ನೆಳ್ಳು ಮಗ್ಗಲಾಗ. ಮುಂದ ವರ್ಷಾ ವರ್ಷಾ ಬೀರದೇವನ ಹಿಂಡು ಅಲ್ಲೇ ಇಳಿಯಾಕ ಹತ್ತಿತು.

ಕುರಿಗಾರರಾಗ ಒಂದು ರೂಢಿ ಐತಿ. ಬರದಿಟ್ಟದ್ದಲ್ಲ, ಆದ್ರ ಮೀರಿದವನ ಬೆಂಕಿ ಮಗ್ಗಲಕ ಯಾರೂ ಹೋಗಿ ಕೂಡೂದಿಲ್ಲ. ಏನಪಾ ಅಂದ್ರ, ಕಾಮಣ್ಣ ನಿನಗ ಒಬ್ಬ ರೈತನ ಹೊಲಾ ತೋರಿಸಿದ ಅಂತ ತಿಳಿ. ಆ ರೈತನ ಜೋಡಿ ಏನ ಮಾತಿದ್ರೂ ಕಾಮಣ್ಣನ ಮುಂದ ಹಾಕಿಕೊಂಡ ಆಡಬೇಕು. ರೈತ ತಾನ ಎದುರಿಗೆ ಸಿಕ್ಕು "ಬಾರಪಾ, ನಮ್ಮ ಹೊಲಕ್ಕ ಬರತಿಯೇನು?" ಅಂದ್ರೂ, "ಕಾಮಣ್ಣ ಹೇಳತಾನ್ರಿ" ಅನ್ನಬೇಕು. ಕಾಮಣ್ಣ ತಾನಾಗಿ "ಇನ್ನ ನೀ ಅದಿ, ಅವರದಾರ" ಅಂತ ಬಿಟ್ಟ ಕೊಡೂ ಮಟ ಅವನ್ನ ದಾಟಿ ಹೋಗಬಾರದು. ದಾಟಿ ಹೋದ್ರ ಉಂಡ ಮನಿ ಗಳಾ ಎಣಿಸಿದಂಗ. ಬೀರದೇವ ಈ ಮಾತು ಮಗಳಿಗೆ ಎದಿಹಾಲಿನ ಜೋಡಿ ಕುಡಿಸಿದ್ದ. ರಾವಸಾಹೇಬರ ಹೊಲದಾಗ ಮೊದಲನೇ ಸಲ ಕುರಿ ಇಳಿಸಿದ ದಿನಾನೂ ಅಂದ, "ಅನಸೂ, ಈ ಹುಡುಗಿ ನಮಗ ಹೊಲಾ ತೋರಿಸ್ಯಾಳ. ಅಕಿನ್ನ ಯಾವತ್ತೂ ದಾಟಬ್ಯಾಡ."

ಕಾಲೇಜು ಮುಗಿಯೂ ಮುಂದ ಹುಡುಗರ ಚಿತ್ರಾ ಎಲ್ಲಾ ಗ್ವಾಡಿಗೆ ಹಾಕಿ ಮಂದೀನ ಕರದ್ರು. ನಿಪ್ಪಾಣಿಯಿಂದ ಮಂಗಲಬಾಯಿ ಅನ್ನಾವರು ಬಂದ್ರು. ಅವರ ಮಾವನ ಹಳೇ ತಂಬಾಕಿನ ಗೋದಾಮು ಹೆದ್ದಾರಿ ಮಗ್ಗಲಾಗ ಖಾಲಿ ಬಿದ್ದಿತ್ತು. ಅದಕ್ಕ ಸುಣ್ಣಾ ಬಳದು, ದೀಪಾ ಹಾಕಿಸಿ, ಚಿತ್ರಪ್ರದರ್ಶನದ ಜಾಗಾ ಮಾಡಿದ್ರು. ಪುಣೆ, ಕೊಲ್ಹಾಪುರದವರು ಗಾಡಿ ನಿಲ್ಲಿಸಿ ಬಂದು ನೋಡತಿದ್ರು, ಕೊಳ್ಳತಿದ್ರು. ಈ ಕಡೆಯ ಹುಡುಗರಿಗೆ ಆ ಗೋದಾಮಿನ ಗ್ವಾಡಿ ಸಿಕ್ಕರ ಮುಂದಿನ ಬಾಗಿಲಾ ತಾವ ತೆರೀತಾವು ಅಂತ ಮಾತಿತ್ತು. ಮಂಗಲಬಾಯಿ ಕಂಬಳಿ ಮುಂದ ಬಂದವರು ಅಲ್ಲೇ ನಿಂತ್ರು. ಅನುಸೂಯಾ ಕಂಬದ ಮರೀಗೆ ಹೋಗಿ ನಿಂತ್ಲು. ದೀಪಾಲಿ ಕೈ ಹಿಡದು ಎಳಕೊಂಡು ಬಂದು, "ಬಾಯಿ, ಹೀಚ ತೀ, ಇದು ಇಕಿ ಮಾಡಿದ್ದು" ಅಂತ ಮುಂದ ನಿಲ್ಲಿಸಿದ್ಲು. ಮಂಗಲಬಾಯಿ ತಮ್ಮ ಕಾರ್ಡು ಅನುಸೂಯಾನ ಕೈಯಾಗ ಇಟ್ಟು, "ಫೋನ್ ಮಾಡು. ಹೊಸಬರಿಗೆ ನಾ ಜಾಗಾ ಕೊಡತೇನಿ" ಅಂದ್ರು.

ಕಾರ್ಡು ಅಕಿ ಕೈಯಾಗ ಬಂತು, ಹೊಲಾ ಮಾತ್ರ ದೀಪಾಲಿ ತೋರಿಸಿದ್ದು. ಅನುಸೂಯಾ ಫೋನ್ ಮಾಡಲಿಲ್ಲ. ಸಂಜೀಕ ಕಾರ್ಡು ದೀಪಾಲಿ ಕೈಯಾಗ ಕೊಟ್ಟು, "ನೀನ ಮಾತಾಡು" ಅಂದ್ಲು. ಬ್ಯಾರೆ ಯಾವ ಮಂದೀನೂ ಈ ತಪ್ಪ ಮಾಡೂದಿಲ್ಲ. ಕಿರಾಣಿ ಅಂಗಡಿಯವನ ಮಗಳಾಗಿದ್ರ ಅವತ್ತ ಫೋನ್ ಹಚ್ಚತಿದ್ಲು, ವಕೀಲನ ಮಗಳಾಗಿದ್ರ ಮನೀಗೇ ಹೋಗತಿದ್ಲು. ಕುರಿಗಾರನ ಮಗಳು ನೋಡ್ರಿ, ದಾಟಲಿಲ್ಲ.

ಕಾಲೇಜು ಬಿಟ್ಟ ಮ್ಯಾಲ ಅನುಸೂಯಾ ಕಬ್ಬೂರಿಗೆ ಬಂದ್ಲು. ಮುಂಜಾನೆ ಒಂದು ಸಾಲ್ಯಾಗ ಸಣ್ಣ ಹುಡುಗರಿಗೆ ಚಿತ್ರಾ ಕಲಸೂದು, ಮಧ್ಯಾಹ್ನಾದಿಂದ ಕಂಬಳಿ. ತಾರವ್ವ ಹಟ್ಟಿ ಹಟ್ಟಿ ತಿರುಗಿ, "ಹರಕಿದ್ದರ ಕೊಡ್ರಿ, ನನ್ನ ಮಗಳಿಗೆ ಬೇಕಾಗ್ಯಾವ" ಅಂತ ಇಸಗೊಂಡು ಬರತಿದ್ಲು. ಒಂದೊಂದು ಮುಗದ ಹಂಗ ಅನುಸೂಯಾ ಮಡಚಿ, ಉಗಾರದ ಬಸ್ಸಿಗೆ ಹಾಕಿ ದೀಪಾಲಿಗೆ ಕಳಿಸತಿದ್ಲು. ಯಾವ ಕಂಬಳಿ ಯಾರದು, ತೂತು ಹೆಂಗ ಬಿತ್ತು, ಅದರಾಗ ಯಾರನ್ನ ಬರದೇನಿ ಅಂತ ಫೋನಿನಾಗ ಹೇಳತಿದ್ಲು. ದೀಪಾಲಿ ಎಲ್ಲಾ ಕೇಳತಿದ್ಲು. "ಮಂಗಲಬಾಯಿಗೆ ಭಾಳ ಸೇರ್ಯಾವ. ಆದ್ರ ಇಂಥಾದ್ರಾಗ ಅವಸರ ಮಾಡಬಾರದು. ಫೋಟೋ ಎಲ್ಲಿಯೂ ಹಾಕಬ್ಯಾಡ, ಪ್ರದರ್ಶನದ ಮೊದಲ ತೋರಿಸಿದ್ರ ಅವರಿಗೆ ಸಿಟ್ಟ ಬರತೈತಿ" ಅಂತಿದ್ಲು. ಅನುಸೂಯಾ ಮೊಬೈಲಿನಾಗ ಒಂದೂ ಫೋಟೋ ಹಾಕಲಿಲ್ಲ. ಜೋಡಿ ಕಲ್ತವರು "ಅನಸೂ ಬರಿಯೂದ ಬಿಟ್ಟಾಳ" ಅಂತ ಮಾತಾಡಿಕೊಂಡ್ರು. ಅಕಿಗೆ ಅದರ ಚಿಂತಿ ಇರಲಿಲ್ಲ. ಗೋದಾಮಿನ ಗ್ವಾಡಿ ಮ್ಯಾಲ ತನ್ನ ಹೆಸರು ಬಿದ್ದ ದಿನ ಎಲ್ಲಾರಿಗೂ ಗೊತ್ತಾಕ್ಕೈತಿ ಅಂತ ಒಂದ ಸಮಾಧಾನದಾಗ ಇದ್ಲು.

ನಡುವ ಒಂದು ಸಲ ದೇವರ ಬಾಗಿಲಾ ತೆರದಂಗ ಆತು. ಜೋಡಿ ಕಲ್ತ ಮಲ್ಲೇಶನ ಲಗ್ನ ರಾಯಬಾಗದಾಗ. ಮಲ್ಲೇಶ ಗೋದಾಮಿಗೆ ಫ್ರೇಮು, ಕಟ್ಟಿಗಿ ಕೆಲಸಾ ಮಾಡಿ ಕೊಡತಿದ್ದ, ಹಂಗಾಗಿ ಮಂಗಲಬಾಯಿನೂ ಬಂದಿದ್ರು. ಊಟದ ಪಂಗತಿ ಮಗ್ಗಲಾಗ ಅನುಸೂಯಾನ್ನ ಗುರತಾ ಹಿಡದು, "ಅಗಂ, ಕಂಬಳಿ ಹುಡುಗಿ! ಫೋನ್ ಯಾಕ ಮಾಡಲಿಲ್ಲ ನೀ?" ಅಂದ್ರು.

ಅನುಸೂಯಾ ಕೈ ಮುಗದ್ಲು. "ದೀಪಾಲಿ ಹೇಳ್ಯಾಳಲ್ರಿ" ಅಂದ್ಲು.

"ಅಕಿ ಏನೇನೋ ಹೇಳತಾಳ. ನಿನ್ನ ಬಾಯಿಂದ ಕೇಳಬೇಕು ನನಗ. ಆ ಕಂಬಳಿ ಏನು, ಎತ್ತ? ಬರೂ ವರ್ಷ ಒಬ್ಬ ಹೊಸಬರದ ಪ್ರದರ್ಶನ ಇಡಾಕ ಹೊಂಟೇನಿ."

ನಾಲಿಗಿ ತುದೀಗೆ ಬಂದಿತ್ತು. ಅವು ನನ್ನವು, ಒಂದೊಂದರ ಕತಿ ನನಗ ಗೊತ್ತೈತಿ, ಕುಂಡರ್ರಿ ಹೇಳತೇನಿ ಅಂತ ಅನ್ನೂದಷ್ಟ ಉಳದಿತ್ತು. ಆದ್ರ ದೀಪಾಲಿ ಅವತ್ತ ಲಗ್ನಕ್ಕ ಬಂದಿರಲಿಲ್ಲ. ಅಕಿ ಇಲ್ಲದಾಗ, ಅಕಿ ಬೆನ್ನ ಹಿಂದ, ಅಕಿ ತೋರಿಸಿದ ಹೊಲದವರ ಜೋಡಿ ಮಾತು! ಅಪ್ಪನ ಮಾರಿ ಕಣ್ಣ ಮುಂದ ಬಂತು. "ಅದೆಲ್ಲಾ ದೀಪಾಲಿನ ಹೇಳತಾಳ್ರಿ ಬಾಯಾರ" ಅಂತ ತೆಲಿ ತಗ್ಗಿಸಿದ್ಲು. ಮಂಗಲಬಾಯಿ "ಬರಂ, ಆತ ಬಿಡು" ಅಂದು ಊಟಕ್ಕ ಹೋದ್ರು. ಅನುಸೂಯಾ ಮಾತ್ರ ಏನೋ ದೊಡ್ಡ ಧರ್ಮಾ ಉಳಿಸಿದಾಕಿಯಂಗ ಖುಷೀಲೆ ಮನಿಗೆ ಬಂದು ಅಪ್ಪಗ ಹೇಳಿದ್ಲು. ಬೀರದೇವ, "ಭಲೇ ಮಗಳ! ಹಿಂಗಿರಬೇಕು. ಇವತ್ತಿಲ್ಲ ನಾಳೆ ಫಲಾ ಬಂದ ಬರತೈತಿ" ಅಂತ ಬೆನ್ನ ಚಪ್ಪರಿಸಿದ.

ಫಲಾ ಬಂತು. ಮಲ್ಲೇಶನ ಮೊಬೈಲಿನಿಂದ ಬಂತು. "ನೀ ಬರತಿಯಲಾ?" ಅಂತ ಕೇಳಿ, ಕೆಳಗ ಒಂದು ಆಮಂತ್ರಣ ಕಳಿಸಿದ್ದ. ನಿಪ್ಪಾಣಿ ಗೋದಾಮಿನಾಗ ಹೊಸ ಕಲಾವಿದೆಯ ಪ್ರದರ್ಶನ, ಹೆಸರು 'ಕರಿ ಕಂಬಳಿ'. ಅನುಸೂಯಾ ಹೆಸರು ಹುಡುಕಿದ್ಲು. ದೀಪಾಲಿ ಅಂತ ಇತ್ತು. ಮತ್ತ ಹುಡುಕಿದ್ಲು. ಅದರ ಕೆಳಗ ಎಲ್ಲಿಯರ ಸಣ್ಣ ಅಕ್ಷರದಾಗ ತಂದು ಇದ್ದೀತು ಅಂತ ಬೆರಳಿಲೆ ಎಳದು ದೊಡ್ಡದು ಮಾಡಿ ನೋಡಿದ್ಲು. ಇರಲಿಲ್ಲ. ದೀಪಾಲಿಗೆ ಫೋನ್ ಹಚ್ಚಿದ್ಲು, ಎತ್ತಲಿಲ್ಲ. ಆವಾಗೂ ಈ ಹುಡುಗಿ ಏನ ತಿಳಕೊಂಡ್ಲು ಗೊತ್ತೇನು? ಅಚ್ಚು ಹಾಕಿದವರು ತಪ್ಪು ಮಾಡ್ಯಾರು, ಪಾಪ ದೀಪಾಲಿಗೂ ಗೊತ್ತಿರಲಿಕ್ಕಿಲ್ಲ ಅಂತ. ಅವ್ವಗ "ನನ್ನ ಪ್ರದರ್ಶನ ಐತಿ" ಅಂತಾನ ಹೇಳಿ, ಇದ್ದದ್ರಾಗ ಚಲೋ ಸೀರಿ ಉಟ್ಟಕೊಂಡು ನಿಪ್ಪಾಣಿ ಬಸ್ಸು ಹತ್ತಿದ್ಲು.

ಗೋದಾಮಿನಾಗ ಇನ್ನೂ ತಂಬಾಕಿನ ಘಾಟು ಇತ್ತು. ಗ್ವಾಡಿ ತುಂಬ ಅಕಿ ಕಂಬಳಿ. ಒಲಿ ಮುಂದ ಕುಂತ ತಾರವ್ವ, ಮರಿ ನೆಕ್ಕೂ ಕುರಿ, ಕೋಲಿಗೆ ಗದ್ದಾ ಊರಿ ನಿಂತ ಬೀರದೇವ, ಎಲ್ಲಾರೂ ಇದ್ರು. ಆದ್ರ ಒಂದೊಂದು ತೂತಿನ ಅಂಚಿಗೂ ಕೆಂಪು ರೇಷ್ಮಿ ದಾರದಾಗ ಒಂದು ಬಳ್ಳಿ ಹೆಣಿದಿತ್ತು. ಮಗ್ಗಲಾಗ ಮರಾಠಿ, ಇಂಗ್ಲಿಷಿನಾಗ ಚೀಟಿ. ಮರಾಠಿ ಓದಿದ್ಲು. ಕುರುಬರ ಹಳೇ ಕಂಬಳಿ, ಬರದವರು ಯಾರಂತ ಗೊತ್ತಿಲ್ಲ, ಮ್ಯಾಲಿನ ದಾರದ ಕಲಾಕೃತಿ ದೀಪಾಲಿಯದು ಅಂತ ಬರದಿತ್ತು. ಬರದವರು ಯಾರಂತ ಗೊತ್ತಿಲ್ಲ! ಬರದಾಕಿ ಅಲ್ಲೇ ನಿಂತಿದ್ಲು. ಎಲ್ಲಾ ಚೀಟಿನೂ ಓದಿದ್ಲು. ಎಲ್ಲಾದರಾಗೂ ಅದ ಮಾತು.

ಪುಣೆಯವರು ನಾಕೈದು ಮಂದಿ ನಡುವ ದೀಪಾಲಿ ನಿಂತು, ಈ ತೂತು ಹೆಂಗ ಬಿತ್ತು, ಆ ತ್ಯಾಪಿ ಯಾಕ ಹಚ್ಯಾರ ಅಂತ ಹೇಳಾಕತ್ತಿದ್ಲು. ಫೋನಿನಾಗ ಅನುಸೂಯಾ ಹೇಳಿದ್ದ ಮಾತ, ಒಂದಕ್ಷರ ಅತ್ತಿತ್ತ ಇಲ್ಲ. ಗೆಳತೀನ್ನ ಕಂಡ ಕೂಡಲೆ ಅಕಿ ಮಾರಿ ಬಣ್ಣಾ ಹೋತು. ಆದ್ರ ಮಾತು ಬಲ್ಲಾಕಿ ಅಲ್ಲೇನು, ಬೆಣ್ಣ್ಯಾಗಿನ ಕೂದಲಾ ತಗದಂಗ ಸಂಬಾಳಿಸಿಕೊಂಡ್ಲು. ಓಡಿ ಬಂದು ಹೆಗಲ ಮ್ಯಾಲ ಕೈ ಹಾಕಿ, ಅವರ ಕಡೆ ತಿರುಗಿ ನಕ್ಕೋಂತ ಅಂದ್ಲು, "ಇವಳು ಅನುಸೂಯಾ. ನಮ್ಮ ಹೊಲಕ್ಕ ಕುರಿ ತರತಾರಲಾ, ಅವರ ಮಗಳು."

ಎಲ್ಲಾರೂ ಕೈ ಮುಗದ್ರು. ಒಬ್ಬಾಕಿ, "ಕುರೀನ್ನ ಜೋಡಿಗೆ ಕರಕೊಂಡು ಬಂದೀಯೇನು?" ಅಂತ ನಕ್ಕೋಂತ ಕೇಳಿದ್ಲು.

ಅನುಸೂಯಾ ಹೆಗಲಮ್ಯಾಲಿನ ಕೈ ತಗದು ನೆಟ್ಟಗ ಮಂಗಲಬಾಯಿ ಹಂತ್ಯಾಕ ಹೋದ್ಲು. ಜನ್ಮದಾಗ ಮೊದಲನೇ ಸಲ ದಾಟಿದ್ಲು. "ಬಾಯಾರ, ಇವೆಲ್ಲಾ ನಾ ಬರದವು. ಇಕಿ ನಮ್ಮ ಅವ್ವ, ಇಂವ ನಮ್ಮ ಅಪ್ಪ" ಅಂದ್ಲು.

ಮಂಗಲಬಾಯಿ ಅಕಿನ್ನ ಹೊರಗಿನ ಪಡಸಾಲಿಗೆ ಕರಕೊಂಡು ಬಂದ್ರು. ಕೆಟ್ಟ ಹೆಂಗಸಲ್ಲ ಅವರು, ಆದ್ರ ಅವತ್ತ ಕೆಲಸದಾಗಿದ್ರು. "ನಿಮ್ಮ ಹಿರೇರು ಯಾರೋ ಬರದಿದ್ದನ್ನ ನೀ ಕಾಲೇಜಿನಾಗ ನಂದು ಅಂತ ತೋರಿಸಿದಿ, ಅದಕ್ಕ ಮಾರಿ ತೋರಸಾಕ ಅಂಜತಿ, ಅಂತ ದೀಪಾಲಿ ಹೇಳಿದ್ಲು. ನಾ ನಂಬಿರಲಿಲ್ಲ. ಅದಕ್ಕ ಲಗ್ನದಾಗ ನಿನ್ನ ಖುದ್ದ ಕೇಳಿದ್ನಿ. ನನ್ನವು ಅಂತ ಒಂದ ಮಾತು ಅಂದಿದ್ರ ಸಾಕಿತ್ತು. ನೀ ಏನಂದಿ? ದೀಪಾಲಿನ ಹೇಳತಾಳ ಅಂದಿ."

"ಅಕಿ ಪರಿಚಯಾ ಮಾಡಿಕೊಟ್ಟಿದ್ಲರಿ. ಅಕಿನ್ನ ದಾಟಿ ನಿಮ್ಮ ಜೋಡಿ ಮಾತಾಡಬಾರದಂತ..."

"ಹಂಗಾರ ನಾನೂ ಈಗ ಅದನ್ನ ಹೇಳಬೇಕಾಕ್ಕೈತಿ. ಇವತ್ತ ಅಕಿ ನಮ್ಮ ಕಲಾವಿದೆ. ಅಕಿನ್ನ ಬಿಟ್ಟು ನಿನ್ನ ಜೋಡಿ ಮಾತಾಡೂದು ಸರಿ ಅಲ್ಲ. ನೀವಿಬ್ಬರೂ ಬಗೆಹರಿಸಿಕೊಂಡು ಬರ್ರಿ" ಅಂದು ಒಳಗ ಹೋದ್ರು. ಒಳಗ ಯಾರೋ ಅವರನ್ನ ಕರ್ಯಾಕತ್ತಿದ್ರು.

ದೀಪಾಲಿ ಬಾಗಿಲದಾಗ ನಿಂತು ಕೇಳಿಸಿಕೊಂಡಿದ್ಲು. "ಸಿಟ್ಟಾಗಬ್ಯಾಡ ಅನಸೂ. ಮೊದಲನೇದು ನನ್ನ ಹೆಸರಲೆ ಆಗಲಿ, ಮುಂದಿಂದು ನಿಂದು ಮಾಡೂಣು. ನೀ ಯಾವತ್ತರ ನನ್ನ ಹೆಸರು ಎಲ್ಲೈತಿ ಅಂತ ಕೇಳಿದ್ದೇನು?"

"ನಾ ಕೇಳಬೇಕಾಗಿತ್ತೇನ?" ಅಂದ್ಲು ಅನುಸೂಯಾ. "ಜ್ವರಾ ಬಂದಾಗ ಗಂಜಿ ಕುಡಿಸಿದಿ. ನಾ ಕೇಳಿದ್ನೇನ? ನಮ್ಮಪ್ಪಗ ಹೊಲಾ ಕೊಡಿಸಿದಿ. ಅದನ್ನರ ಕೇಳಿದ್ನೇನ? ಕೇಳದ ಎಲ್ಲಾ ಕೊಟ್ಟಾಕಿ, ನನ್ನ ಹೆಸರು ಒಂದನ್ನ ಕೇಳಿದ್ರ ಕೊಡಬೇಕಂತ ಇಟ್ಟಕೊಂಡಿದ್ದೇನ? ದೀಪಾ, ನಿನ್ನ ದೇವರ ಕಂಡಂಗ ಕಂಡಿದ್ನಿ. ಹಾಳಮಾಡಿದಿ ನನ್ನ." ದೀಪಾಲಿ ಕಣ್ಣಾಗ ನೀರು ಬಂದ್ವು. ಬರಲಿ ಬಿಡ್ರಿ, ಅವಕ್ಕೇನ ಖರ್ಚೈತಿ? ಕಣ್ಣು ಒರಿಸಿಕೊಂಡು ಪುಣೆಯವರ ಕಡೆ ಹೋದ್ಲು.

ಅನುಸೂಯಾ ಮನಿಗೆ ಬಂದಾಗ ಇನ್ನೂ ಬಿಸಿಲಿತ್ತು. ಬೀರದೇವ ಹಟ್ಟ್ಯಾಗ ಕುರಿಗೆ ಜಂತಿನ ಔಷಧ ಕುಡಸಾಕತ್ತಿದ್ದ. ಮರುದಿನ ಹಿಂಡು ಉಗಾರ ಕಡೆ ಹೊಂಡೂದಿತ್ತು. ಮಗಳನ್ನ ಕಂಡು, "ಏನವಾ, ದೊಡ್ಡ ದೊಡ್ಡ ಮಂದಿ ಪರಿಚಯ ಆತೇನ?" ಅಂದ.

"ಆತಪಾ. ದೀಪಾಲಿನ ಮಾಡಿಸಿದ್ಲು" ಅಂದು, ಆದದ್ದೆಲ್ಲಾ ಹೇಳಿದ್ಲು. ಒಂದೂ ಮುಚ್ಚಿಡಲಿಲ್ಲ. ತಾರವ್ವ ಕೇಳತಾ ಕೇಳತಾ ಎದ್ದು ನಿಂತ್ಲು. "ಅಕಿ ಕೈಗೆ ಕರಿನಾಗರ ಕಡೀಲಿ! ನಾ ಹಟ್ಟಿ ಹಟ್ಟಿ ತಿರಿಕೊಂಡು ತಂದ ಕಂಬಳಿ ಅವು! ನಾ ಯಾರಂತ ಗೊತ್ತಿಲ್ಲಂತೇನ ಅಕಿಗೆ? ನನ್ನ ಕೈಯಾಗಿನ ರೊಟ್ಟಿ ತಿಂದ ಹೋಗ್ಯಾಳ ಆ ಹಾಟ್ಯಾಕಿ!" ಅಂತ ಓಣಿ ಕೇಳೂವಂಗ ಒದರಿದ್ಲು.

ಬೀರದೇವ ಕುರಿ ಬಾಯಿ ಒರಿಸಿ ಬಿಟ್ಟ. ಕಡೀಕ ಅಂದ, "ಲಗ್ನದಾಗ ಆ ಬಾಯಾರು ತಾವ ಬಂದು ಕೇಳಿದ್ರು. ಅಷ್ಟ ಕೇಳಿದ ಮ್ಯಾಲ ನನ್ನವು ಅಂತ ಹೇಳಬೇಕಿತ್ತಲ್ಲ ನೀ."

ಅನುಸೂಯಾಗ ತಾ ಕೇಳಿದ್ದು ಖರೇನ ಅನಿಸಲಿಲ್ಲ. "ದಾಟಬ್ಯಾಡ ಅಂದಾವ ನೀ ಅಲ್ಲೇನಪಾ? ಭಲೇ ಅಂತ ಬೆನ್ನ ಚಪ್ಪರಿಸಿದಾವ ನೀ ಅಲ್ಲೇನ?"

"ಅದು ನಮ್ಮ ಕುರಿಗಾರರ ರೂಢಿ ಬೇ. ನೀ ಕಲ್ತಾಕಿ. ಪ್ಯಾಟ್ಯಾಗ ಯಾವುದು ನಡೀತೈತಿ, ಯಾವುದು ನಡ್ಯಾಂಗಿಲ್ಲ ಅಂತ ನಿನಗ ತಿಳೀಬೇಕಿತ್ತು" ಅಂದ ಬೀರದೇವ. ಮಗಳ ಮಾರಿ ನೋಡಿ ಅನ್ನಲಿಲ್ಲ, ನೆಲಾ ನೋಡಿ ಅಂದ. "ಹೋಗಲಿ ಬಿಡು. ನಾಳೆ ರಾವಸಾಹೇಬರ ಹೊಲಕ್ಕ ಹೊಂಡೂದೈತಿ. ಅಲ್ಲಿ ಈ ಮಾತ ತಗೀಬ್ಯಾಡ್ರಿ ಯಾರೂ. ಹೊಳಿ ದಂಡಿ ಹೊಲಾ, ಮತ್ತ ಸಿಗೂದಲ್ಲ."

ತಾರವ್ವ ಗಂಡನ್ನ ನೋಡಿದ್ಲು. ಸೆರಗು ಕೊಡವಿ ಒಳಗ ಹೋದ್ಲು.

"ಅಲ್ಲಿ ನನಗ ಅಳೂ ಬರಲಿಲ್ಲಪಾ" ಅಂದ್ಲು ಅನುಸೂಯಾ. "ಬಸ್ಸಿನಾಗೂ ಅಳಲಿಲ್ಲ. ಮನಿಗೆ ಹೋಗಿ ನಮ್ಮಪ್ಪನ ಮುಂದ ಅಳಬೇಕಂತ ತಡಕೊಂಡ ಬಂದಿದ್ನಿ."

ಬೀರದೇವ ಔಷಧದ ಬಾಟ್ಲಿ ಎತ್ತಿಕೊಂಡು ಮುಂದಿನ ಕುರಿ ಹಿಡದ.